ಹೊರಡುವ ಮೊದಲೇ ಶಾಲು ಹೊದೆಸಿಕೊಂಡವರು

೧

ಎಲ್ಲಿಂದ ಶುರು ಮಾಡಲಿ? ಗಲ್ಫಿನ ಕಥೆ ಎಂದ ಮೇಲೆ ಏರ್‌ಪೋರ್ಟಿನಿಂದಲೇ ಶುರುವಾಗಬೇಕು ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. "ಟ್ರಾಲಿ ತಳ್ಳುತ್ತ ಕ್ಲೇಟನ್ ಒಮ್ಮೆ ಹಿಂದೆ ತಿರುಗಿ ನೋಡಿದ" ಎಂದು ಬರೆದು, ಚಹಾ ಕುಡಿದು ಬಂದು ಓದಿದರೆ ನನಗೇ ನಾಚಿಕೆಯಾಯಿತು. ಯಾಕೆ ತಿರುಗಿ ನೋಡಿದ? ಹಿಂದೆ ಇದ್ದದ್ದು ಪಾರ್ಕಿಂಗ್. ಅದನ್ನು ಹೊಡೆದುಹಾಕಿದೆ. ಅಲ್ಲದೆ ಅವನು ಹೊರಡುತ್ತಾನೋ ಇಲ್ಲವೋ ಎಂಬುದೇ ಈ ಕಥೆ. ಮೊದಲ ಸಾಲಿನಲ್ಲೇ ವಿಮಾನ ಹತ್ತಿಸಿಬಿಟ್ಟರೆ ಆಮೇಲೆ ನಾನೇನು ಬರೆಯಲಿ, ನೀವೇನು ಓದುತ್ತೀರಿ?

೧ (ಎರಡನೇ ಸಲ)

ಕ್ಲೇಟನ್, ಅವನ ಹೆಂಡತಿ ಟೀನಾ, ಮಗಳು ರಿಯೋನಾ. ಕುವೈತಿನ ಖೈತಾನಿನಲ್ಲಿ ಫ್ಲ್ಯಾಟ್. ಕ್ಲೇಟನ್‌ಗೆ ಶುವೈಖಿನ ಒಂದು ಸ್ಪೇರ್ ಪಾರ್ಟ್ಸ್ ಗೋದಾಮಿನಲ್ಲಿ ಕೆಲಸ. ಟೀನಾ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ರಿಯೋನಾ ಎರಡನೇ ಕ್ಲಾಸು. ಈ ಮೂವರನ್ನೂ ಹುಟ್ಟಿಸಿದವನು ನಾನು. ಹೆಸರು ಕಾಂತಪ್ಪ. ಅವರ ಫ್ಲ್ಯಾಟಿನಿಂದ ಎರಡು ಬೀದಿ ಆಚೆ ನನ್ನ ವಾಸ. (ಪಾತ್ರಗಳನ್ನು ದೂರ ಇಡಬೇಕು ಎನ್ನುತ್ತಾರೆ ಬಲ್ಲವರು. ಖೈತಾನಿನಲ್ಲಿ ಬಾಡಿಗೆಗೆ ದೂರ ಎಲ್ಲಿ ಸಿಗುತ್ತದೆ?)

ಇವರ ಮುಂದಿರುವ ಪ್ರಶ್ನೆ ಬೆಳ್ಮಣ್. ಕಾರ್ಕಳ ಪಡುಬಿದ್ರಿ ರಸ್ತೆಯಲ್ಲಿ ಬಸ್ಸು ನಿಂತು ಹೊರಡುವಷ್ಟರಲ್ಲಿ ಮುಗಿದುಹೋಗುವ ಪೇಟೆ. ಅಲ್ಲಿ ಕ್ಲೇಟನ್‌ನ ತಾಯಿಯ ತಮ್ಮ ರೋಕ್ ಮಾಮ್‌ನ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಮಾಮ್‌ಗೆ ಮೊಣಕಾಲು ಕೈಕೊಟ್ಟಿದೆ (ಮೊಣಕಾಲು ಹೇಗೆ ಕೈಕೊಡುತ್ತದೆ ಎಂದು ಕೇಳಬೇಡಿ, ಕನ್ನಡದಲ್ಲಿ ಕೊಡುತ್ತದೆ). ಅಂಗಡಿ ನೀನು ನೋಡಿಕೋ, ಸಂಸಾರ ಸಮೇತ ಬಾ ಎಂದು ಫೋನು ಮಾಡಿದ್ದಾನೆ. ಕ್ಲೇಟನ್‌ಗೆ ಆಸೆ ಹುಟ್ಟಿದೆ. ಆದರೆ ಹೋಗಬೇಕಾದರೆ ಟೀನಾ ರಾಜೀನಾಮೆ ಕೊಡಬೇಕು. ಒಮ್ಮೆ ಕೊಟ್ಟರೆ ಖಲಾಸ್, ಆ ಕೆಲಸ ಮತ್ತೆ ಸಿಗುತ್ತದೆ ಎಂಬ ನಂಬಿಕೆ ಇಲ್ಲ. ಇನ್ನೊಂದು ವಿಷಯ: ಬೆಳ್ಮಣ್ ಕ್ಲೇಟನ್‌ನ ಊರು. ಟೀನಾ ಮಡಂತ್ಯಾರಿನವಳು. ಅವಳಿಗೆ ಬೆಳ್ಮಣ್ ಗಂಡನ ಊರು, ಅದೂ ರಜೆಯಲ್ಲಿ ಕಂಡದ್ದು.

ಅವಳು ಏನನ್ನುತ್ತಾಳೋ ಎಂದು ಕ್ಲೇಟನ್ ಫೋನಿನಲ್ಲಿ ಅನುಮಾನಿಸಿದಾಗ ರೋಕ್ ಮಾಮ್ ನಕ್ಕನಂತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದನಂತೆ.

೨

ಕುವೈತಿನಲ್ಲಿ ಕರಾವಳಿಯವರ ಎದುರು "ಯೋಚನೆ ಮಾಡ್ತಾ ಇದ್ದೇವೆ" ಎಂದು ಬಾಯಿ ಬಿಡಬಾರದು. ಕ್ಲೇಟನ್ ಬಿಟ್ಟ. ಶುಕ್ರವಾರ (ಇಲ್ಲಿ ವಾರದ ರಜೆ ಅಂದು) ಪೂಜೆ ಮುಗಿದು ಚರ್ಚಿನ ಹೊರಗೆ ಕಾರು ಹುಡುಕುತ್ತಿದ್ದಾಗ ಆಗಸ್ಟಿನ್ ಸಿಕ್ಕಿದರು. ಇವರು ನಮ್ಮ ಕರಾವಳಿ ಕೂಟದ ಅಧ್ಯಕ್ಷರು. ಯಾರೇ ಊರಿಗೆ ಮರಳಲಿ, ಅವರಿಗೆ ಒಂದು ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಟ್ಟು ಮೈಕಿನಲ್ಲಿ ಹೊಗಳಿ ಕಳುಹಿಸುವುದು ನಮ್ಮ ಕೂಟದ ಪದ್ಧತಿ. ಆಗಸ್ಟಿನ್‌ಗೆ ಆ ದಿನ ದೊಡ್ಡ ತಲೆಬಿಸಿ. ಮೀನಾ ಅಬ್ದುಲ್ಲಾ ಎಂಬಲ್ಲಿಯ ರಿಫೈನರಿಯಲ್ಲಿ ದುಡಿಯುವ ಆಲ್ರೊಯ್‌ಗೆ ಬೀಳ್ಕೊಡುಗೆ ಎಂದು ಹಾಲ್ ಬುಕ್ ಮಾಡಿ, ಶಾಲು ತರಿಸಿ, ಬಿರಿಯಾನಿಗೆ ಹೇಳಿ ಆಗಿತ್ತು. ಅಷ್ಟರಲ್ಲಿ ಆಲ್ರೊಯ್‌ನ ಕಾಂಟ್ರಾಕ್ಟ್ ಮುಂದುವರಿಯಿತು. ಅವನು ಹೋಗುವುದಿಲ್ಲ. ಶಾಲು ಉಳಿಯಿತು, ಹೆಗಲು ಬೇಕಿತ್ತು.

ಮುಂದಿನ ವಾರ ಕ್ಲೇಟನ್ ಮತ್ತು ಟೀನಾ ವೇದಿಕೆಯ ಮೇಲೆ ಕೂತಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದರೆ ಇದೇ. ಆಗಸ್ಟಿನ್ ಕಣ್ಣೊರೆಸಿಕೊಂಡು ಮಾತಾಡಿದರು. ಸ್ಮರಣಿಕೆಯ ಮೇಲೆ "ತಾಯ್ನಾಡಿಗೆ ಶಾಶ್ವತವಾಗಿ ಮರಳುತ್ತಿರುವ ಆದರ್ಶ ದಂಪತಿಗೆ" ಎಂದು ಕೆತ್ತಿಸಲಾಗಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟೀನಾ ನಗುತ್ತ ಕೈಮುಗಿದಳು.

(ಇಲ್ಲಿ ಕ್ಲೇಟನ್ ಕಥೆಯಿಂದ ಇಳಿದು, ಶಾಲು ಹೊದ್ದುಕೊಂಡೇ ನಾನು ಬರೆಯುತ್ತ ಕೂತಿದ್ದ ಊಟದ ಮೇಜಿನ ಬಳಿ ಬಂದು ನಿಂತ.

"ಕಾಂತಪ್ಪಣ್ಣ, ಎಂತ ಮಾರಾಯ್ರೆ ಇದು? ನಾನು ಯೋಚನೆ ಅಂತ ಹೇಳಿದ್ದು. ನೀವು ಶಾಶ್ವತ ಅಂತ ಬರ್ದಿದ್ದೀರಿ."

ಕಥೆ ಎಂದರೆ ಏನಾದರೂ ನಡೆಯಬೇಕಪ್ಪ, ಯೋಚನೆಗೆ ಯಾರು ಚಪ್ಪಾಳೆ ತಟ್ಟುತ್ತಾರೆ ಎಂದು ಸಮಾಧಾನ ಮಾಡಿದೆ. ಅವನಿಗೆ ಸಮಾಧಾನವಾಗಲಿಲ್ಲ. ಅವನ ಇನ್ನೊಂದು ತಕರಾರು: ಮನೆಯಲ್ಲಿ ಅವರು ಮಾತಾಡುವುದು ಕೊಂಕಣಿ, ನಾನು ಎಲ್ಲರ ಬಾಯಿಗೂ ಕನ್ನಡ ತುಂಬಿದ್ದೇನೆ. ಇದು ನಿಜ. ನನ್ನ ಮನೆಯಲ್ಲೂ ತುಳು. ಕನ್ನಡ ಕಥೆಯೊಳಗೆ ಎಲ್ಲರೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕು ಎಂದು ಹೇಳಿ ಕಳುಹಿಸಿದೆ.)

೪

(೩ ಇತ್ತು. ಅದರಲ್ಲಿ ಧೂಳಿನ ಬಿರುಗಾಳಿಯನ್ನು ವಿವರವಾಗಿ ವರ್ಣಿಸಿದ್ದೆ. ನನ್ನ ಹೆಂಡತಿ ಸುಗಂಧಿ ಓದಿ, ಧೂಳು ಬಂದರೆ ಇಲ್ಲಿ ಯಾರು ನಿಂತು ನೋಡುತ್ತಾರೆ, ಕಿಟಕಿ ಮುಚ್ಚುತ್ತಾರೆ ಅಷ್ಟೆ ಎಂದಳು. ನಾನೂ ೩ನ್ನು ಮುಚ್ಚಿಬಿಟ್ಟೆ.)

ಬೀಳ್ಕೊಡುಗೆ ಆದ ಮೇಲೆ ಖೈತಾನಿಗೆ ಖೈತಾನೇ ಒಂದೇ ಪ್ರಶ್ನೆ ಕೇಳತೊಡಗಿತು: ಯಾವಾಗ? ಲಿಫ್ಟಿನಲ್ಲಿ ಯಾವಾಗ, ಚರ್ಚಿನಲ್ಲಿ ಯಾವಾಗ, ಶಾಲೆಯ ಗೇಟಿನಲ್ಲಿ ಯಾವಾಗ. ಕ್ಲೇಟನ್ ಒಬ್ಬರಿಗೆ ಈಸ್ಟರ್ ಕಳೆದು ಎಂದ, ಇನ್ನೊಬ್ಬರಿಗೆ ಪರೀಕ್ಷೆ ಮುಗಿದ ಮೇಲೆ ಎಂದ, ಮತ್ತೊಬ್ಬರಿಗೆ ಇಕಾಮಾ (ಇಲ್ಲಿ ವಾಸಿಸುವ ಪರವಾನಗಿ) ಮುಗಿಯುವ ಮೊದಲು ಎಂದ. ಮೂವರೂ ಒಟ್ಟಿಗೆ ಸಿಗದಿರಲಿ ಎಂದು ಪ್ರಾರ್ಥಿಸಿದ. ಆಸ್ಪತ್ರೆಯಲ್ಲಿ ಜೊತೆಯ ನರ್ಸ್ ಮೊಲ್ಲಿ, ಹೋಗುವಾಗ ನಿನ್ನ ಲಾಕರ್ ನನಗೇ ಬಿಡು ಎಂದು ಟೀನಾಳ ಹತ್ತಿರ ಹೇಳಿಟ್ಟಳು. ಕಿಟಕಿಯ ಪಕ್ಕದ ಲಾಕರ್ ಅದು.

ಆಮೇಲೆ ಸಾಮಾನಿನ ಕಾಟ. ಊರಿಗೆ ಮರಳುವವರು ಮನೆಯ ಸಾಮಾನನ್ನು ಇಲ್ಲೇ ಮಾರಿ ಹೋಗುತ್ತಾರಲ್ಲ? ಹಾಗಾಗಿ ಬೇಕಾದವರು ಮೊದಲೇ ಬಂದು ಮಾತು ಹಾಕಿಟ್ಟರು. ವಾಷಿಂಗ್ ಮಷಿನ್ ಒಬ್ಬರಿಗೆ, ಸೋಫಾ ಇನ್ನೊಬ್ಬರಿಗೆ. ಸೋಫಾ ಕೇಳಿದವರು ಅದರ ಮೇಲೆ ಕೂತು, ಟೀನಾ ಕೊಟ್ಟ ಚಹಾ ಕುಡಿದು, ಸ್ಪ್ರಿಂಗ್ ಚೆನ್ನಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟು ಹೋದರು.

ಕೆಳಗಿನ ಬಕಾಲಾದ ಶಿಹಾಬ್ ಒಳ್ಳೆಯ ಮನುಷ್ಯ. ಬಕಾಲಾ ಎಂದರೆ ದಿನಸಿ ಅಂಗಡಿ. ಅವನ ಹೆಂಡತಿ ಮಕ್ಕಳು ಕೇರಳದಿಂದ ಬರುವವರಿದ್ದರು. ಅವನು ಅಳತೆಯ ಟೇಪ್ ಹಿಡಿದು ರಿಯೋನಾಳ ಮಂಚ ನೋಡಲು ಬಂದ. ಆಗ ರಿಯೋನಾ ಅದರ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಶಿಹಾಬ್ ಅವಳ ಕಾಲನ್ನು ಮೆಲ್ಲನೆ ಆಚೆ ಸರಿಸಿ, ಟೇಪ್ ಎಳೆದು, ಮಾಶಾ ಅಲ್ಲಾ, ಸರಿಯಾಗುತ್ತದೆ ಎಂದ. ಟೀನಾ ಅವನಿಗೆ ದಾರಿಯಾಗಲೆಂದು ಕುರ್ಚಿಯನ್ನು ಬದಿಗಿಟ್ಟಳು.

ಅವನು ಹೋದ ಮೇಲೆ ರಿಯೋನಾ ಯಾಕೆ ಅಳತೆ ಎಂದು ಕೇಳಿದಳು. ನಾವು ಬೆಳ್ಮಣ್‌ನಲ್ಲಿ ಇರಲು ಹೋಗುತ್ತೇವೆ, ಯಾವಾಗಲೂ ಅಲ್ಲೇ ಇರುವುದು ಎಂದು ಕ್ಲೇಟನ್ ವಿವರಿಸಿದ. ಅವಳಿಗೆ ಕೊಂಕಣಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಪೆನ್ಸಿಲ್ ಕೆಳಗಿಟ್ಟು ಬೆರಳು ಮಡಚಿ ಲೆಕ್ಕ ಹಾಕಿದಳು.

"ಬಟ್ ಡ್ಯಾಡಿ, ದೆನ್ ವೇರ್ ವಿಲ್ ವಿ ಗೋ ಫಾರ್ ವೆಕೇಶನ್?"

ಕ್ಲೇಟನ್ ಉತ್ತರ ಕೊಡಲು ಬಾಯಿ ತೆರೆದ. ನಾನೂ ಪೆನ್ನು ಎತ್ತಿದೆ. ಆಮೇಲೆ ಅವನು ಕುರ್ಚಿಯನ್ನು ಮತ್ತೆ ಅದರ ಜಾಗಕ್ಕೆ ಎಳೆದಿಟ್ಟ, ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಅವಳಿಗೆ ಬೆಳ್ಮಣ್ ಎಂದರೆ ಜುಲೈ, ಆಗಸ್ಟ್. ಹೋದ ಮನೆಯಲ್ಲೆಲ್ಲ ಕೋಳಿ ಸುಕ್ಕ, ಯಾರೂ ಬೈಯುವುದಿಲ್ಲ, ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನಗಬೇಡಿ. ಕ್ಲೇಟನ್‌ಗೂ ಬೆಳ್ಮಣ್ ಅಷ್ಟೇ. ಕಾಲೇಜು ಮುಗಿಸಿ ಗಲ್ಫ್ ಸೇರಿದವನು ಆ ಪೇಟೆಯ ಮಾರ್ಚ್ ತಿಂಗಳನ್ನು ಆಮೇಲೆ ಕಂಡೇ ಇಲ್ಲ. ಕೋಳಿ ಸುಕ್ಕ ಮಾಡದ ದಿನ ಆ ಮನೆಗಳಲ್ಲಿ ಏನು ಮಾತಾಡುತ್ತಾರೆ ಎಂದು ಅವನಿಗೂ ಗೊತ್ತಿಲ್ಲ.

೫

ಇಷ್ಟಾದ ಮೇಲೆ ಕಥೆ ಮುಂದೆ ಹೋಗಲಿಲ್ಲ. ನಾನು ಜವಾಬ್ದಾರಿಯುತ ಲೇಖಕ. ಆದ್ದರಿಂದ ಮೂರು ಅಂತ್ಯಗಳನ್ನು ಬರೆದೆ. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ.

ಅಂತ್ಯ ಒಂದು. ಹೋಗುತ್ತಾರೆ. ಕ್ಲೇಟನ್ ಅಂಗಡಿಯ ಗಲ್ಲಾದ ಹಿಂದೆ ಕೂತು, ರಿಕ್ಷಾದವರೊಡನೆ ಕ್ಲಚ್ ಕೇಬಲ್ ಬಗ್ಗೆ ಮಾತಾಡುತ್ತ ಸುಖವಾಗಿದ್ದಾನೆ. ರಿಯೋನಾ ಮಾವಿನ ಮರ ಹತ್ತುತ್ತಾಳೆ. ಟೀನಾ ಮನೆಯಲ್ಲಿದ್ದಾಳೆ, ಕಾರ್ಕಳದ ಯಾವುದೋ ನರ್ಸಿಂಗ್ ಹೋಮಿನಲ್ಲಿ ಕೇಳಿ ನೋಡಬೇಕು ಎಂದುಕೊಳ್ಳುತ್ತಾಳೆ. ಬೀದಿಯಲ್ಲಿ ಅವಳಿಗೆ ಕ್ಲೇಟನ್‌ನ ಹೆಂಡತಿ ಎಂದು ಹೆಸರು. (ಈ ಅಂತ್ಯವನ್ನು ಕ್ಲೇಟನ್ ಮೂರು ಸಲ ಓದಿ, ಇದೇ ಇರಲಿ ಅಣ್ಣ ಎಂದ.)

ಅಂತ್ಯ ಎರಡು. ಹೋಗುವುದಿಲ್ಲ. ಆದರೆ ಶಾಲು ಹೊದೆಸಿಕೊಂಡ ಮೇಲೆ ಉಳಿಯುವುದೆಂದರೆ ಸುಲಭವೇ? ಕೂಟದ ಪಿಕ್ನಿಕ್‌ಗೆ ಹೋದರೆ, ಓ ನೀವಿನ್ನೂ ಇದ್ದೀರಾ ಎನ್ನುತ್ತಾರೆ. ತಿಥಿ ಊಟ ಮುಗಿಸಿ ಕೈತೊಳೆದವರ ಎದುರು ಸತ್ತವನು ಎದ್ದು ಬಂದು ನಿಂತ ಹಾಗೆ. ಕ್ಲೇಟನ್ ಖೈತಾನಿನಿಂದ ಬೇರೆ ಕಡೆ ಮನೆ ಹುಡುಕುತ್ತಾನೆ. (ಇದನ್ನು ಓದಿ ಅವನು ಹಾಳೆಯನ್ನು ಮಗುಚಿ ಇಟ್ಟ. ಆಗಸ್ಟಿನ್ ಎರಡನೇ ಅಧ್ಯಾಯದಿಂದಲೇ ಕೂಗಿ, ಹಾಗಾದರೆ ಶಾಲು ವಾಪಸ್ ಕೊಡಲಿ ಎಂದರು.)

ಅಂತ್ಯ ಮೂರು. ಕ್ಲೇಟನ್ ಹೋಗುತ್ತಾನೆ, ಟೀನಾ ಇರುತ್ತಾಳೆ. ನಮ್ಮಲ್ಲಿ ಗಂಡ ಇಲ್ಲಿ, ಹೆಂಡತಿ ಅಲ್ಲಿ ಇರುವ ಸಂಸಾರಗಳಿಗೆ ಬರವಿಲ್ಲ. ಇದು ಅದನ್ನೇ ಮಗುಚಿ ಹಾಕಿದ್ದು. ಒಂದು ಪ್ಯಾರಾ ಬರೆದೆ. ಆದರೆ ರಿಯೋನಾಳನ್ನು ಯಾವ ಕಡೆ ಇಡಬೇಕೆಂದು ತಿಳಿಯಲಿಲ್ಲ. ತಾಯಿಯ ಬಳಿ ಇಟ್ಟೆ, ಕ್ಲೇಟನ್ ಅಂಗಡಿಯ ಬಾಗಿಲನ್ನೇ ತೆರೆಯಲಿಲ್ಲ. ತಂದೆಯ ಬಳಿ ಇಟ್ಟೆ, ಟೀನಾಳ ಸಾಲುಗಳನ್ನು ಬರೆಯಲು ನನ್ನಿಂದಾಗಲಿಲ್ಲ. ನನಗೂ ಮಕ್ಕಳಿದ್ದಾರೆ. ಆ ಹಾಳೆಯನ್ನು ಹರಿದೆ.

ಅತ್ತ ದರಿ, ಇತ್ತ ಪುಲಿ, ನಡುವೆ ಜವಾಬ್ದಾರಿಯುತ ಲೇಖಕ.

೬

ಬರೆದಷ್ಟನ್ನು ಸುಗಂಧಿಗೆ ಕೊಟ್ಟೆ. ಅವಳು ಬೀನ್ಸ್ ಹೆಚ್ಚುತ್ತಿದ್ದವಳು ಕೈ ಒರೆಸಿಕೊಂಡು ಕೊನೆಯವರೆಗೂ ಓದಿದಳು. ಯಾವ ಅಂತ್ಯ ಚೆನ್ನಾಗಿದೆ ಎಂದು ಕೇಳಿದೆ.

"ನಿಮ್ಮ ಈ ಟೀನಾಗೆ ಬಾಯಿ ಇಲ್ವಾ?" ಎಂದಳು. "ಕ್ಲೇಟನ್ ಮಾತಾಡ್ತಾನೆ, ಅವನ ಮಾಮ ಮಾತಾಡ್ತಾನೆ, ಸಣ್ಣ ಹುಡುಗಿ ಕೂಡ ಮಾತಾಡ್ತಾಳೆ. ಕೆಲಸ ಬಿಡ್ಬೇಕಾದವಳು ಇವಳು. ಇವಳದ್ದು ಒಂದು ಮಾತಾದ್ರೂ ಉಂಟಾ ನೋಡಿ."

ನೋಡಿದೆ. ನೀವೂ ಬೇಕಾದರೆ ಹಿಂದೆ ಹೋಗಿ ನೋಡಿ, ನಾನು ಕಾಯುತ್ತೇನೆ. ಅವಳು ವೇದಿಕೆಯಲ್ಲಿ ನಕ್ಕು ಕೈಮುಗಿದಿದ್ದಾಳೆ. ಚಹಾ ಕೊಟ್ಟಿದ್ದಾಳೆ. ಕುರ್ಚಿ ಸರಿಸಿದ್ದಾಳೆ. ಇಷ್ಟುದ್ದದ ಕಥೆಯಲ್ಲಿ ಅವಳಿಗಾಗಿ ಒಂದು ಉದ್ಧರಣ ಚಿಹ್ನೆಯನ್ನೂ ನಾನು ಖರ್ಚು ಮಾಡಿಲ್ಲ. ಹೆಣ್ಣು ಪಾತ್ರಗಳನ್ನು ಚೆನ್ನಾಗಿ ಬರೆಯುತ್ತೇನೆ ಎಂದು ನನಗೊಂದು ಜಂಬವಿತ್ತು. ಕೆಟ್ಟದೆನಿಸಿತು. ಸುಗಂಧಿ ಮತ್ತೆ ಬೀನ್ಸಿಗೆ ಹೋದಳು.

೭

ಹಾಗಾಗಿ ಅವಳನ್ನು ಮಾರ್ನಿಂಗ್ ಡ್ಯೂಟಿ ಮುಗಿಸಿ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂರಿಸಿದೆ. ಎಸಿ ಹಾಕಿದೆ. ಪಕ್ಕದ ಸೀಟಿನಲ್ಲಿ ನನ್ನನ್ನೂ ಬರೆದುಕೊಂಡೆ. (ಪಾತ್ರದ ಕಾರಿನಲ್ಲಿ ಲೇಖಕ ಹತ್ತಿ ಕೂರುವುದು ಸಭ್ಯತೆಯಲ್ಲ, ಗೊತ್ತು. ಹೊರಗೆ ನಿಲ್ಲುವಂಥ ಬಿಸಿಲು ಅದಲ್ಲ.)

"ಟೀನಾ, ನಿಮಗೆ ಹೋಗ್ಬೇಕಾ?" ಎಂದು ಕೇಳಿದೆ.

ಅವಳು ಎಸಿಯ ಗಾಳಿಯನ್ನು ನನ್ನ ಕಡೆಗೆ ತಿರುಗಿಸಿದಳು. ನರ್ಸಲ್ಲವೇ, ಬೆವರುವವರನ್ನು ಕಂಡರೆ ಸುಮ್ಮನಿರುವುದಿಲ್ಲ.

"ಇದನ್ನು ಯಾರೂ ಕೇಳ್ಲಿಲ್ಲ ಕಾಂತಪ್ಪಣ್ಣ. ಎಲ್ರೂ ಯಾವಾಗ ಅಂತ ಕೇಳಿದ್ದು. ಕ್ಲೇಟನ್ ಕೇಳಿದ್ದು ನಿಂಗೆ ಓಕೆ ಅಲ್ವಾ ಅಂತ. ಅದು ಕೇಳಿದ ಹಾಗೆ ಅಲ್ಲ."

ಈಗ ಹೇಳುತ್ತಾಳೆ ಎಂದು ಪೆನ್ನು ತೆಗೆದೆ. ಹೋಗಬೇಕು ಎಂದರೆ ಅಂತ್ಯ ಒಂದು, ಬೇಡ ಎಂದರೆ ಎರಡು. ಎರಡೂ ಸಿದ್ಧವಿದ್ದವು.

"ನಂಗೆ ಗೊತ್ತಿಲ್ಲ," ಎಂದಳು.

ನನ್ನ ಮುಖ ಇಳಿದದ್ದು ಅವಳಿಗೆ ಕಾಣಿಸಿರಬೇಕು.

"ಸತ್ಯವಾಗ್ಲೂ ಗೊತ್ತಿಲ್ಲ. ವಾರ್ಡಿನಲ್ಲಿ ಯಾರಿಗಾದ್ರೂ ಉಸಿರು ಕಟ್ಟಿದ್ರೆ ಎಲ್ರೂ ನನ್ನ ಹೆಸ್ರು ಕರೀತಾರೆ. ಅದು ನಂಗೆ ಬೇಕು. ಮನೆಗೆ ಬಂದ್ರೆ ರಿಯೋನಾ ಹಾಲ್‌ನಿಂದ ಕಿಚನ್ ತನಕ ಸೈಕಲ್ ಬಿಡ್ತಾಳೆ, ಫ್ರಿಜ್ ಹತ್ರ ತಿರುಗಿಸಿ ವಾಪಸ್. ಅದನ್ನು ನೋಡುವಾಗ ನಾಳೆಯೇ ಹೋಗುವಾ ಅಂತ ಅನಿಸ್ತದೆ. ಎರಡೂ ನಿಜ. ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನಂಗೆ ಒಬ್ರೂ ಬಿಡ್ಲಿಲ್ಲ. ಸೀದಾ ಶಾಲು ಹಾಕಿದ್ರು."

ಅದೆಲ್ಲ ಸರಿ, ಆದರೆ ಕಥೆಗೊಂದು ಕೊನೆ ಬೇಕಲ್ಲ ಎಂದು ನಾನು ಗೊಣಗಿದೆ.

"ಕಥೆ ನಿಮ್ದು. ಬಿಡುವ ಕೆಲಸ ನಂದು," ಎಂದಳು. "ನೀವು ಇಳೀರಿ. ಸ್ವಲ್ಪ ಹೊತ್ತು ನಾನು ಒಬ್ಳೇ ಕೂತ್ಕೊಳ್ತೇನೆ."

ಇಳಿದೆ. ನನ್ನದೇ ಕಥೆಯಿಂದ ನನ್ನನ್ನು ಯಾರಾದರೂ ಇಳಿಸಿದ್ದು ಇದೇ ಮೊದಲು. ಅವಳು ಕಾರಿನ ಬಾಗಿಲಿಗೆ ಲಾಕ್ ಹಾಕಿಕೊಂಡಳು. ಎಂಜಿನ್ ಆನ್ ಇದೆ, ಗೇರ್ ಹಾಕಿಲ್ಲ. ಕಿಟಕಿಗೆ ಕಪ್ಪು ಹಾಳೆ ಅಂಟಿಸಿದ್ದರಿಂದ ಮುಖ ಕಾಣುವುದಿಲ್ಲ.

ನಾನು ಬೇಕಿದ್ದರೆ ಒಂದೇ ವಾಕ್ಯದಲ್ಲಿ ಅವಳಿಂದ ರಾಜೀನಾಮೆ ಕೊಡಿಸಬಹುದು, ಒಂದೇ ವಾಕ್ಯದಲ್ಲಿ ತಡೆಯಲೂಬಹುದು. ಪೆನ್ನು ನನ್ನ ಕೈಯಲ್ಲೇ ಇದೆ. ಆದರೆ ಈ ಕಥೆಯಲ್ಲಿ ಅವಳ ಬದಲಿಗೆ ಎಲ್ಲರೂ ಯೋಚಿಸಿ ಆಗಿದೆ: ಕ್ಲೇಟನ್, ರೋಕ್ ಮಾಮ್, ಕೂಟ, ಶಿಹಾಬ್, ನಾನು, ಅಂತ್ಯ ಆರಿಸುತ್ತ ಕೂತಿದ್ದ ನೀವು. ಈಗ ಅವಳು ಯೋಚಿಸುತ್ತಿದ್ದಾಳೆ. ಎಷ್ಟು ಹೊತ್ತು ಬೇಕೋ ಗೊತ್ತಿಲ್ಲ. ಅಲ್ಲಿಯವರೆಗೆ ನಾನು ಬರೆಯುವುದಿಲ್ಲ. ನಿಮಗೆ ಅವಳು ಲಿಫ್ಟಿನಲ್ಲೋ ಶಾಲೆಯ ಗೇಟಿನಲ್ಲೋ ಎಲ್ಲಾದರೂ ಸಿಕ್ಕರೆ, ಯಾವಾಗ ಎಂದು ಮಾತ್ರ ಕೇಳಬೇಡಿ.