ತಾಳೇ!

ಬುಗುರಿ ಅನ್ನುವುದು ಅವಳಿಗೆ ಅಮ್ಮ ಇಟ್ಟ ಅಡ್ಡಹೆಸರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿಗೆ ಇನ್ನೇನು ಹೆಸರಿಡುತ್ತಾರೆ? ಊಟಕ್ಕೆ ಕೂತರೆ ಮಂಡಿ ಕುಣಿಯುತ್ತಿತ್ತು, ಮಲಗಿದರೆ ಕಾಲಿನ ಹೆಬ್ಬೆರಳು ಕುಣಿಯುತ್ತಿತ್ತು. "ತಾಳೇ, ಒಂದ್ನಿಮಿಷ ತಾಳೇ" ಅನ್ನುವುದರಲ್ಲೇ ಅಮ್ಮನ ಅರ್ಧ ಆಯಸ್ಸು ಕಳೆಯಿತು. ಈಗ ಬುಗುರಿಯ ಕಿವಿಯ ಪಕ್ಕ ನರೆ ಬಂದಿದೆ. ಪ್ರೆಸ್ಸಿನಲ್ಲಿ ಕಾಗದ ಮಡಿಸುವ ಮೆಷಿನ್ನಿನ ಮುಂದೆ ದಿನವಿಡೀ ನಿಲ್ಲುತ್ತಾಳೆ. ಕಾಲು ಮಾತ್ರ ಇನ್ನೂ ಅವಳ ಮಾತು ಕೇಳುವುದಿಲ್ಲ.

ಒಂದು ಮಧ್ಯಾಹ್ನ ಆ ಮೆಷಿನ್ನಿನ ಪಕ್ಕಕ್ಕೆ ಅವಳ ಅಣ್ಣ ಬಂದು ನಿಂತ. ಅಂಗಿಯ ತುಂಬ ಮರದ ಹೊಟ್ಟು. ಬಾಗಿಲು ಕೂರಿಸುವ ಕೆಲಸ ಅವನದು; ಸ್ಕೇಟ್‌ಬೋರ್ಡಿನಿಂದ ಬಿದ್ದು ಬಿದ್ದು ಹಾಳಾದ ಬಲಮಂಡಿಯನ್ನು ಎಳೆದುಕೊಂಡೇ ನಡೆಯುತ್ತಾನೆ.

"ಆ ಈಜುಕೊಳ ಮುಚ್ಚಿಬಿಡ್ತಾರಂತೆ ಕಣೇ," ಅಂದ. "ಮಣ್ಣು ತುಂಬಿ ಮೇಲೆ ಗೋದಾಮು ಕಟ್ತಾರಂತೆ. ಹಳೇ ಹುಡುಗರೆಲ್ಲ ಸೇರಿ, ಕೊನೇ ಸಲ ನೀವು ಬಾರಿಸ್ಲೇಬೇಕು ಅಂತಿದ್ದಾರೆ."

"ಹೋಗಿ ಬಾರ್ಸು. ನಾನು ಬೇಡ ಅಂದ್ನಾ?"

"ಗಡಿಯಾರನ್ನ ಕೇಳ್ದೆ. ಬರಲ್ವಂತೆ."

ಬುಗುರಿ ಒಂದು ಹಾಳೆಯನ್ನು ಸೊಟ್ಟಗೆ ಕೊಟ್ಟಳು. ಮೆಷಿನ್ನು ಅದನ್ನು ಅಗಿದು ಉಗಿಯಿತು.

ಆ ಹೆಸರು ಕೇಳಿದರೆ ಅವಳಿಗೆ ಯಾಕೆ ಮೈ ಉರಿಯುತ್ತದೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವರ ಮನೆ ಇದ್ದದ್ದು ಇಳಿಜಾರಿನ ಬೀದಿಯಲ್ಲಿ, ಬೀದಿಗೆಲ್ಲ ಕಲ್ಲುಚಪ್ಪಡಿ ಹಾಸಿತ್ತು. ಅಣ್ಣ ತಂಗಿ ಇಬ್ಬರಿಗೂ ಸೇರಿ ಒಂದೇ ಬೋರ್ಡು. ಅಣ್ಣ ಅದರ ಮೇಲೆ ಹತ್ತಿ ಇಳಿಜಾರಿಗೆ ಬಿಟ್ಟರೆ ಗಾಲಿಗಳು ಚಪ್ಪಡಿಯ ಸಂದುಗಳನ್ನು ದಾಟುತ್ತ ಟಕ್... ಟಕ್... ಅನ್ನುತ್ತಿದ್ದವು, ಇಳಿದಂತೆಲ್ಲ ಟಕ್ ಟಕ್ ಆಗಿ, ತುದಿಗೆ ಬರುವಷ್ಟರಲ್ಲಿ ಟಕಟಕಟಕ. ಮೆಟ್ಟಿಲ ಮೇಲೆ ಕೂತ ಬುಗುರಿ ಅದನ್ನೇ ಎರಡು ಕಡ್ಡಿ ಹಿಡಿದು ತಗಡಿನ ಡಬ್ಬಿಯ ಮೇಲೆ ಬಾರಿಸಿದಳು. ತಾಳ ಅಂದರೆ ಇಳಿಜಾರು ಅಂತಲೇ ಅವಳು ಕಲಿತಳು. ಸಮನೆಲದ ತಾಳವೂ ಒಂದಿದೆ ಅಂತ ಯಾರೂ ಅವಳಿಗೆ ಹೇಳಿಕೊಡಲಿಲ್ಲ.

ಅಣ್ಣ ಗಿಟಾರು ಹಿಡಿದ, ಹಾಡಿದ. ಬುಗುರಿ ಡಬ್ಬಿ ಬಿಟ್ಟು ಡ್ರಮ್ಸಿಗೆ ಕೂತಳು. ಟೈರ್ ಅಂಗಡಿಯವನ ಮಗ ಬೇಸ್ ಗಿಟಾರು ತಂದ. ಬಾರಿಸುವಾಗ ಕಣ್ಣರೆಪ್ಪೆಯನ್ನೂ ಅಲ್ಲಾಡಿಸದೆ ನಿಲ್ಲುತ್ತಿದ್ದ ಅವನಿಗೆ ಗೂಟ ಅಂತ ಹೆಸರು ಬಿತ್ತು. ಮೂವರ ಗದ್ದಲ ತಡೆಯಲಾಗದೆ ಅಮ್ಮ "ತಾಳಗೇಡಿಗಳಾ" ಅಂತ ಬೈದಳು. ಬ್ಯಾಂಡಿಗೆ ಅದೇ ಹೆಸರಾಯಿತು. ಮುಚ್ಚಿಹೋದ ಶಾಲೆಯ ಹಿಂದೆ ನೀರಿಲ್ಲದ ಈಜುಕೊಳವೊಂದಿತ್ತು. ಅದರ ಬಟ್ಟಲಿನಂಥ ಗೋಡೆಗಳ ಮೇಲೆ ಹುಡುಗರು ಬೋರ್ಡು ಓಡಿಸುತ್ತಿದ್ದರು. ಕೊಳದ ದಡದ ಮೇಲೆ ನಿಂತು ಇವರು ಬಾರಿಸುತ್ತಿದ್ದರು. ಎಲ್ಲರಿಗೂ ಕಾಲಿಗೆ ಚಕ್ರ ಕಟ್ಟಿಕೊಂಡ ವಯಸ್ಸು.

ಅಲ್ಲೇ ಒಂದು ಸಂಜೆ ಆ ತಪ್ಪು ಆಯಿತು. ಹಾಡಿನ ನಡುವೆ ಬುಗುರಿ ಎಂದಿನಂತೆ ಮುಂದೆ ಓಡಿಬಿಟ್ಟಳು. ಅಣ್ಣನಿಗೆ ಉಸಿರು ಸಾಲಲಿಲ್ಲ, ಪದಗಳು ಹಲ್ಲಿಗೆ ಸಿಕ್ಕಿಕೊಂಡವು. ಅವನು ಹಿಂದಕ್ಕೆ ತಿರುಗಿ, ಮೈಕು ಬಾಯಿಯ ಹತ್ತಿರವೇ ಇದೆ ಅನ್ನುವುದನ್ನೂ ಮರೆತು, ಗಂಟಲು ಹರಿಯುವಂತೆ "ತಾಳೇ!" ಅಂತ ಕಿರುಚಿದ. ಕೊಳದೊಳಗಿನ ಹುಡುಗರು ಅದನ್ನು ಹಾಡಿನ ಪಲ್ಲವಿ ಅಂದುಕೊಂಡರು. ಎಲ್ಲರೂ ಒಟ್ಟಿಗೆ "ತಾಳೇ!" ಅಂತ ಕೂಗಿದರು. ಬುಗುರಿ ಖುಷಿ ತಡೆಯಲಾರದೆ ಇನ್ನೂ ಜೋರಾಗಿ ಓಡಿದಳು.

ಆಮೇಲೆ ಊರೂರಿನಲ್ಲೂ ಅದೇ ಕತೆ. ಗೂಟನ ಅಪ್ಪನ ವ್ಯಾನಿನಲ್ಲಿ ಟೈರುಗಳ ಮೇಲೆ ಕೂತು ಅವರು ಸುತ್ತದ ಊರಿಲ್ಲ. ಹಾಡಿನ ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರೂ ಕಾಯುತ್ತಿದ್ದದ್ದು ಆ ಕೂಗಿಗೆ. ಅಣ್ಣ ನಾಟಕ ಆಡುತ್ತಾನೆ ಅಂತ ಜನ ನಂಬಿದ್ದರು. ಪ್ರತಿ ಸಲವೂ ಅವನು ನಿಜವಾಗಿಯೇ ಬೇಡಿಕೊಳ್ಳುತ್ತಿದ್ದಾನೆ ಅನ್ನುವುದು ಆ ಮೂವರಿಗೇ ಗೊತ್ತಿತ್ತು.

ಕೊನೆಗೆ ದೊಡ್ಡ ಕಂಪನಿಯೊಂದು ರೆಕಾರ್ಡು ಮಾಡುತ್ತೇವೆ ಅಂದಿತು. ಸ್ಟುಡಿಯೋದಲ್ಲಿ ಬುಗುರಿಯ ಕಿವಿಗೆ ಟಿಕ್ ಟಿಕ್ ಅನ್ನುವ ಒಂದು ಸದ್ದು ಹಾಕಿದರು, ಅದರ ಜೊತೆಗೇ ಬಾರಿಸಬೇಕು ಅಂದರು. ಅವಳು ಆ ಸದ್ದನ್ನು ಅರ್ಧ ದಾರಿಯಲ್ಲೇ ಬಿಟ್ಟು ಓಡಿದಳು. ದಿನವಿಡೀ ಹೀಗೇ ಆಯಿತು. ಮಾರನೆಯ ಬೆಳಿಗ್ಗೆ ಅವಳು ಎಲ್ಲರಿಗೂ ಬ್ರೆಡ್ಡು, ಚಹಾ ಕಟ್ಟಿಸಿಕೊಂಡು ಬಂದು ನೋಡಿದರೆ ಅವಳ ಸ್ಟೂಲಿನ ಮೇಲೆ ಬೇರೆ ಒಬ್ಬ ಕೂತಿದ್ದ. ಎಷ್ಟು ಬಾರಿಸಿದರೂ ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗದವನು. ಅವನೇ ಗಡಿಯಾರ.

"ಇದೊಂದು ರೆಕಾರ್ಡಿಗೆ ಮಾತ್ರ ಕಣೇ," ಅಂದ ಅಣ್ಣ, ಚಹಾದ ಫ್ಲಾಸ್ಕನ್ನು ನೋಡುತ್ತ.

ಬುಗುರಿ ಬ್ರೆಡ್ಡು ಅಲ್ಲೇ ಇಟ್ಟು ಮನೆಗೆ ನಡೆದಳು. ರೆಕಾರ್ಡು ಬಂತು, ಸಪ್ಪೆ ಅಂದರೆ ಸಪ್ಪೆ. ಗಡಿಯಾರ ಎಲ್ಲಿಯೂ ಓಡುವವನಲ್ಲ, ಅವನನ್ನು ತಡೆಯುವ ಪ್ರಶ್ನೆಯೇ ಇಲ್ಲ. ಆದರೆ ಜನಕ್ಕೆ ಆ ಕೂಗು ಬೇಕಲ್ಲ! ಅಚ್ಚುಕಟ್ಟಾಗಿ ಕೂತ ಒಬ್ಬ ಮೀಸೆಯ ಗಂಡಸಿಗೆ ಅಣ್ಣ ಸುಮ್ಮಸುಮ್ಮನೆ "ತಾಳೇ" ಅನ್ನಬೇಕಾಯಿತು. "ತಾಳೋ" ಅಂತ ತಿದ್ದಿದರೆ ಜನ ಶಿಳ್ಳೆ ಹೊಡೆದು ನಗುತ್ತಿದ್ದರು. ವರ್ಷ ತುಂಬುವುದರೊಳಗೆ ಬ್ಯಾಂಡು ಮುಗಿಯಿತು.

ಅಲ್ಲಿಂದೀಚೆಗೆ ಅಣ್ಣ ತಂಗಿ ಭಾನುವಾರಗಳಲ್ಲಿ ಅಮ್ಮನ ಮನೆಯಲ್ಲಿ ಸೇರುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ನಲ್ಲಿ ರಿಪೇರಿಯಿಂದ ಹಿಡಿದು ಅಮ್ಮನ ಕನ್ನಡಕದವರೆಗೆ ಎಲ್ಲವನ್ನೂ ಮಾತಾಡುತ್ತಾರೆ. ಆ ಬೆಳಗಿನ ಮಾತು ಮಾತ್ರ ಎತ್ತುವುದಿಲ್ಲ. ಬುಗುರಿಗೆ ಬೇಕಿದ್ದದ್ದು ಒಂದೇ ಒಂದು ವಾಕ್ಯ. ನಿನ್ನನ್ನು ಆ ಸ್ಟೂಲಿನಿಂದ ಎಬ್ಬಿಸಿದ್ದು ತಪ್ಪು ಅಂತ ಅಣ್ಣ ಬಾಯಿಬಿಟ್ಟು ಹೇಳಬೇಕಿತ್ತು. ಆ ವಾಕ್ಯಕ್ಕೆ ಕಾದು ಕಾದು ಅವಳೊಳಗೆ ಏನೋ ಹುಳಿಹಿಡಿದಿತ್ತು.

"ಅವನು ಯಾಕೆ ಬರಲ್ವಂತೆ?" ಮೆಷಿನ್ನು ನಿಲ್ಲಿಸಿ ಕೇಳಿದಳು.

"ಬೀದೀಲಿ ಕಂಡೋರು ಈಗ್ಲೂ ಅವನಿಗೆ ತಾಳೇ ತಾಳೇ ಅಂತಾರಂತೆ. ಹೆಂಡ್ತಿ ಎದುರಿಗೇ."

ನಗು ಬಂತು. ನುಂಗಿಕೊಂಡಳು. "ಅಂದ್ರೆ ನಾನು ಈಗ ಅವನ ಬದಲಿಗೆ. ನನ್ನ ಜಾಗಕ್ಕೆ ಬಂದವನ ಜಾಗಕ್ಕೆ ನಾನು."

ಅಣ್ಣ ಅಂಗಿಯ ಹೊಟ್ಟು ಕೊಡವಿದ. ಈಗ ಹೇಳುತ್ತಾನೆ ಅಂತ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಭಾನುವಾರ ಗೂಟನ ಅಂಗಡೀಲಿ ಪ್ರಾಕ್ಟೀಸು," ಅಂದ ಅವನು.

ಬರುತ್ತೇನೆ ಅಂದಳು. ಅಂದದ್ದು ಪ್ರೀತಿಯಿಂದಲ್ಲ, ಹಟದಿಂದ. ಇಷ್ಟು ವರ್ಷ ಮಡಿಸುವ ಮೆಷಿನ್ನಿನ ಚಕ್ ಚಕ್ ಜೊತೆ ನಿಂತು ಅವಳು ಸಮನೆಲದ ತಾಳವನ್ನೂ ಕಲಿತಿದ್ದಳು. ಗಡಿಯಾರನೇ ನಾಚಬೇಕು, ಹಾಗೆ ಬಾರಿಸಿ ತೋರಿಸುತ್ತೇನೆ, ಆಗ ಇವನ ಮುಖ ನೋಡಬೇಕು ಅಂದುಕೊಂಡಳು.

ಟೈರುಗಳ ಮಧ್ಯೆ ಪ್ರಾಕ್ಟೀಸು ನಡೆಯಿತು. ಗೂಟನ ಹೊಟ್ಟೆ ಈಗ ಗಿಟಾರಿಗಿಂತ ಮುಂದಿತ್ತು. ಬುಗುರಿ ಹಲ್ಲು ಕಚ್ಚಿ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಬಾರಿಸಿದಳು. ಎಡಗಾಲು ಓಡಲು ಚಡಪಡಿಸಿದಾಗ ಅದನ್ನು ಸ್ಟೂಲಿನ ಕಾಲಿಗೆ ಸುತ್ತಿ ಹಿಡಿದಳು.

"ಏನೇ ಇದು! ಎಲ್ಲಿ ಕಲಿತೆ?" ಅಂದ ಗೂಟ, ಬಾಯಿ ಬಿಟ್ಟುಕೊಂಡು.

"ಚೆನ್ನಾಗಿದೆ," ಅಂದ ಅಣ್ಣ. ಅಂದವನು ಕತ್ತು ಕೆರೆದುಕೊಂಡ. ಇಡೀ ವಾರ ಫೋನ್ ಮಾಡಲಿಲ್ಲ. ಗೆದ್ದೆ ಅಂತ ಬುಗುರಿ ತನಗೆ ತಾನೇ ಹೇಳಿಕೊಂಡಳು, ಆದರೂ ಅನ್ನ ರುಚಿಸಲಿಲ್ಲ.

ಕೊಳದ ಸುತ್ತ ಆ ಸಂಜೆ ಜನ ಕಿಕ್ಕಿರಿದಿದ್ದರು. ಬೊಕ್ಕತಲೆಯವರು, ಮಕ್ಕಳನ್ನು ಹೆಗಲಿಗೇರಿಸಿಕೊಂಡವರು, ಅಮ್ಮಂದಿರಾದ ಹಳೇ ಹುಡುಗಿಯರು. ಕೆಲವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಬೋರ್ಡು ಸಮೇತ ಕೊಳಕ್ಕೆ ಇಳಿದಿದ್ದರು. ಹಾಡುಗಳು ಒಂದರ ಹಿಂದೆ ಒಂದು ಹೋದವು. ಯಾರೂ ತಪ್ಪು ಮಾಡಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಮದುವೆಮನೆಗೆ ಬಂದ ನೆಂಟರ ಹಾಗೆ ಮರ್ಯಾದೆಯಿಂದ. ಬುಗುರಿಗೆ ಅಳು ಬರುವಂತಾಯಿತು, ಯಾಕೆಂದು ಗೊತ್ತಾಗಲಿಲ್ಲ.

ಕೊನೆಗೆ ಆ ಹಾಡು. ಅವಳು ಇಳಿಜಾರನ್ನು ಮನಸ್ಸಿನಿಂದ ಒರೆಸಿಹಾಕಿ ಮೆಷಿನ್ನನ್ನೇ ನೆನೆದು ಬಾರಿಸಿದಳು. ಕೂಗಿನ ಜಾಗ ಬಂತು. ಜನ ಉಸಿರು ಹಿಡಿದರು. ಅಣ್ಣ ಹಿಂದಕ್ಕೆ ತಿರುಗಿ ಬಾಯಿ ತೆರೆದ, ಕೂಗಲಿಲ್ಲ. ಅವನಿಗೆ ಉಸಿರು ಸಾಕಷ್ಟಿತ್ತು. ಕಾದು ನೋಡಿ ಜನರೇ "ತಾಳೇ!" ಅಂತ ಕೂಗಿದರು. ತಾಳುವುದಕ್ಕೆ ಇನ್ನೇನು ಉಳಿದಿತ್ತು? ಅವಳು ತಾಳಿಕೊಂಡೇ ಇದ್ದಳಲ್ಲ, ಇಷ್ಟು ವರ್ಷ.

ಅಣ್ಣ ಗಿಟಾರು ನಿಲ್ಲಿಸಿದ. ಬಲಗಾಲು ಎಳೆಯುತ್ತ ಡ್ರಮ್ಸಿನ ಹತ್ತಿರಕ್ಕೆ ಬಂದ. ಗೂಟ ಗಾಬರಿಯಿಂದ ಒಂದೇ ತಂತಿಯನ್ನು ಮೀಟುತ್ತ ಉಳಿದ. ಬುಗುರಿಯ ಕೈ ನಿಲ್ಲಲಿಲ್ಲ, ಅದೇ ವೇಗ, ಅದೇ ಪೆಟ್ಟು.

ಅಣ್ಣ ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಅಂದ.

"ಏನು? ಕೇಳಿಸಲ್ಲ!"

"ತಾಳಬೇಡ ಕಣೇ!" ಅವನು ಗಂಟಲೆತ್ತಿ ಕೂಗಿದ. "ಅವತ್ತು ನಿನ್ನ ಎಬ್ಬಿಸಬಾರದಿತ್ತು. ದೊಡ್ಡ ತಪ್ಪು ಮಾಡ್ದೆ. ಹೇಳೋಕೆ ಮುಖ ಇರ್ಲಿಲ್ಲ. ಹೋಗು, ನೀನು ಹೋಗು, ನಾನು ಹೆಂಗೋ ಬರ್ತೀನಿ."

ಬುಗುರಿಯ ಕಣ್ಣು ಮಂಜಾಯಿತು. ಸ್ಟೂಲಿಗೆ ಸುತ್ತಿದ್ದ ಎಡಗಾಲು ತಾನಾಗಿ ಬಿಚ್ಚಿಕೊಂಡಿತು. ಅಣ್ಣ ಮೈಕಿನ ಹತ್ತಿರ ವಾಪಸು ಹೋಗುವುದರೊಳಗೆ ಅವಳ ಪೆಟ್ಟುಗಳಲ್ಲಿ ಹಳೇ ಬೀದಿಯ ಮೇಲ್ತುದಿಯ ಮೊದಲ ಚಪ್ಪಡಿ ಬಂತು, ಎರಡನೆಯದು ಬಂತು, ಆಮೇಲೆ ಲೆಕ್ಕವೇ ಇಲ್ಲ. ಗೂಟ "ಅಯ್ಯಯ್ಯೋ" ಅನ್ನುತ್ತ, ಜೀವನದಲ್ಲಿ ಮೊದಲ ಸಲ, ಕುಣಿದ. ಕೊಳದೊಳಗೆ ಯಾರೋ ಬಿದ್ದರು, ಬಿದ್ದವರ ಮೇಲೆ ಇನ್ಯಾರೋ ಬಿದ್ದರು, ಎಲ್ಲರೂ ನಗುತ್ತಿದ್ದರು. ಅಣ್ಣ ಎರಡು ಸಾಲು ಹಾಡಿದ. ಮೂರನೆಯದರ ಪದಗಳೆಲ್ಲ ಹಲ್ಲಿಗೆ ಸಿಕ್ಕಿಕೊಂಡವು. ಮುಖ ಕೆಂಪಾಗಿ, ಎದೆ ಬಡಿದುಕೊಂಡು, ಉಸಿರಿಗೆ ಒದ್ದಾಡುತ್ತ ಅವನು ತಂಗಿಯ ಕಡೆ ತಿರುಗಿದ, ಹಿಂದಿನಂತೆಯೇ ನಿಜವಾಗಿಯೂ ಬೇಡಿಕೊಳ್ಳುತ್ತ ಕಿರುಚಿದ:

"ತಾಳೇ!"

ಅವಳು ತಾಳಲಿಲ್ಲ.