ಭಕ್ತಿಯ ಹನ್ನೊಂದು ಮಾತು

ನನ್ನ ಮಗಳು ಭಕ್ತಿಗೆ ನಾಲ್ಕೂವರೆ ವರ್ಷವಾದಾಗ ಅವಳ ಬಾಯಲ್ಲಿ ಒಟ್ಟು ಹನ್ನೊಂದು ಮಾತುಗಳಿದ್ದವು. ಇದು ಅಂದಾಜಿನ ಲೆಕ್ಕವಲ್ಲ. ಮಣಿಕೊಂಡದ ಥೆರಪಿ ಸೆಂಟರಿನವರು ಮೊದಲ ದಿನ ಕೊಟ್ಟ ಫಾರ್ಮಿನಲ್ಲಿ 'ಮಗು ಆಡುವ ಮಾತುಗಳು' ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ, ಕೆಳಗೆ ಹತ್ತು ಗೆರೆ ಬಿಟ್ಟಿದ್ದರು. ಆಯಿ, ಅಪ್ಪ, ಬಾ, ಹೋಗು, ಕೊಡು, ನೀರು, ರೊಟ್ಟಿ, ಬೆಲ್ಲ, ಗುಬ್ಬಿ, ಚಂದಪ್ಪ. ಗೆರೆಗಳು ಮುಗಿದವು. ಹನ್ನೊಂದನೆಯದು 'ಬ್ಯಾಡ'. ಬೇಡ ಅನ್ನುವುದೂ ಒಂದು ಮಾತೇ, ಹಟಮಾರಿ ಮಕ್ಕಳೆಲ್ಲ ಅನ್ನುವುದು ಅದನ್ನೇ ಅಲ್ಲವೇ ಎಂದುಕೊಂಡು ಬಿಟ್ಟುಬಿಟ್ಟೆ. ಆ ಪಟ್ಟಿಯಲ್ಲಿ 'ಅವ್ವ' ಕೂಡ ಇರಲಿಲ್ಲ. ಅದನ್ನು ನಾನು ಬಿಟ್ಟದ್ದಲ್ಲ, ಭಕ್ತಿ ಅದನ್ನು ಒಮ್ಮೆಯೂ ಅಂದಿರಲಿಲ್ಲ.

ಹೆತ್ತವಳು ನಾನು, ಶೈಲಶ್ರೀ. ಕರೆಯುತ್ತಿದ್ದದ್ದು ಆಯಿಯನ್ನು, ಅಂದರೆ ನನ್ನ ಅತ್ತೆ ಶರಣಬಸಮ್ಮನನ್ನು. ಈ ಹೊಟ್ಟೆಕಿಚ್ಚನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನಾನು ಮಾಡಿದ್ದಕ್ಕೆಲ್ಲ ಅದೂ ಒಂದು ಕಾರಣ.

ನಾವು ಲಿಂಗಸುಗೂರಿನ ಕಡೆಯವರು. ನನ್ನ ಗಂಡ ಸೂರ್ಯಕಾಂತ ನಾಚಾರಂನಲ್ಲಿ ಪ್ಲಾಸ್ಟಿಕ್ ಡಬ್ಬಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಎರಡು ಕೋಣೆಯ ಬಾಡಿಗೆ ಮನೆ. ಭಕ್ತಿಗೆ ಆ ಮನೆಯ ಪ್ರತಿಯೊಂದು ಸದ್ದೂ ವೈರಿ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ, ಮಿಕ್ಸಿ ತಿರುಗಿದರೆ ಬಚ್ಚಲಿಗೆ, ತಾಟು ಕೈಜಾರಿ ಬಿದ್ದರೆ ಗೋಡೆಗೆ ತಲೆ. ಅಂಗಿಯ ಕುತ್ತಿಗೆಯ ಚೀಟಿ ತಾಗಿದರೆ ಅಂಗಿಯನ್ನೇ ಹರಿಯುತ್ತಿದ್ದಳು. ಅಂಗೈಗೆ ಹಿಟ್ಟು ಮೆತ್ತಿದರೆ ಅರ್ಧ ಗಂಟೆ ಅಳು. ನೆಂಟರು ಮುದ್ದು ಹೆಚ್ಚಾಯಿತು ಎಂದರು, ಮೊಬೈಲ್ ಕೊಟ್ಟು ಕೆಡಿಸಿದಿರಿ ಎಂದರು. ಶಾಲೆಯವರು ಮಾತ್ರ ನೇರವಾಗಿ, ತೋರಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದರು.

ತೋರಿಸಲು ಹೋದದ್ದೇ ಮಣಿಕೊಂಡಕ್ಕೆ. ಭಕ್ತಿಗೆ ಗೊತ್ತುಪಡಿಸಿದ ಥೆರಪಿಸ್ಟ್ ಹೆಸರು ಸ್ನೇಹಲತಾ. ತೆಲುಗಿನ ಹುಡುಗಿ, ಮೆತ್ತನೆಯ ದನಿ, ನಗುಮುಖ. ಅವಳನ್ನು ಕೆಟ್ಟವಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಹಾಗೆ ಹೇಳಲು ಆಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದಳು. ಒಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಎದುರುಮನೆಯವರೊಂದಿಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅಯ್ಯೋ ಮೇಡಂ, ನಾಲುಗು ಭಾಷಲಾ? ಪಾಪಕಿ ಕನ್ಫ್ಯೂಷನ್," ಎಂದಳು. ನಾಲ್ಕು ಭಾಷೆಯಲ್ಲಿ ಮಗು ಗೊಂದಲಕ್ಕೆ ಬೀಳುತ್ತದೆ, ಇನ್ನು ಮೇಲೆ ಒಂದೇ ಭಾಷೆ ಇರಲಿ, ಇಲ್ಲಿ ಹೇಳಿಕೊಡುವುದು ಇಂಗ್ಲಿಷಿನಲ್ಲಿ, ಮನೆಯಲ್ಲೂ ಅದೇ ಆಗಲಿ ಎಂದಳು. ನಾನು ಎದುರು ಮಾತಾಡಲಿಲ್ಲ. ಬಿಳಿ ಕೋಟು ಹಾಕಿದವರು ಹೇಳಿದರೆ ನಾವು ಉಪ್ಪನ್ನೂ ಬಿಡುವ ಜನ, ಭಾಷೆ ಯಾವ ಲೆಕ್ಕ.

ಅಂದಿನಿಂದ ನಮ್ಮ ಮನೆ ಇಂಗ್ಲಿಷ್ ಮೀಡಿಯಂ ಆಯಿತು. ಸೂರ್ಯಕಾಂತ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುತ್ತಾ "ಭಕ್ತಿ, ಕಮ್ ಹಿಯರ್" ಎನ್ನುತ್ತಿದ್ದರು. ಅತ್ತೆಗೆ ಕನ್ನಡ ಬಿಟ್ಟರೆ ಸಂತೆಯ ಹಿಂದಿ, ಅಷ್ಟೇ. ಒಂದು ಹಾಳೆಯಲ್ಲಿ ಕನ್ನಡದ ಅಕ್ಷರದಲ್ಲಿ ಹತ್ತು ಮಾತು ಬರೆದು ಕೊಟ್ಟೆ. ಕಮ್, ಸಿಟ್, ಈಟ್, ವಾಟರ್, ಗುಡ್, ಬ್ಯಾಡ್, ಹೀಗೆ. ಎರಡು ದಿನ ಅವರು ಪ್ರಯತ್ನಪಟ್ಟರು. "ಸಿಟ್ಟು, ಸಿಟ್ಟು" ಎಂದು ಮೊಮ್ಮಗಳನ್ನು ಕೂರಿಸಲು ಹೋದಾಗ ಸೂರ್ಯಕಾಂತ ಬಿದ್ದು ಬಿದ್ದು ನಕ್ಕರು. ಮೂರನೆಯ ದಿನ ಅತ್ತೆ ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

"ನನ್ನ ನಾಲಗಿ ಇದಕ್ಕ ಹೊಳ್ಳಂಗಿಲ್ಲ ಶೈಲವ್ವ. ನಾ ಸುಮ್ನ ಇರ್ತೀನಿ ಬಿಡು. ಕೂಸಿಗೆ ಛಲೋ ಆದ್ರ ಸಾಕು."

ಹೇಳಿದಂತೆ ಸುಮ್ಮನಾದರು. ಭಕ್ತಿ ಹೋಗಿ ಅವರ ಮೊಣಕಾಲು ಹಿಡಿದು "ಆಯಿ, ಬಾ" ಎಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ಹತ್ತು ಸಲ ಕರೆದು ಭಕ್ತಿ ಹನ್ನೊಂದನೆಯ ಸಲ ಬಿಟ್ಟುಬಿಟ್ಟಳು. ಹದಿನೈದು ದಿನಕ್ಕೆ 'ಆಯಿ' ಹೋಯಿತು. ಅದರ ಹಿಂದೆ ಬೆಲ್ಲ, ಗುಬ್ಬಿ, ಚಂದಪ್ಪ ಎಲ್ಲವೂ ಹೋದವು. ಆಯಿ ಎನ್ನುವುದು ನಿಂತಾಗ ನನಗೆ ಒಳಗೊಳಗೇ ಹಿತವೆನಿಸಿತು. ನಾಚಿಕೆಯಾಗುತ್ತದೆ, ಆದರೆ ಎನಿಸಿದ್ದು ನಿಜ.

ವಾರಕ್ಕೆ ಮೂರು ದಿನ ಹಬ್ಸಿಗುಡದಲ್ಲಿ ಮೆಟ್ರೋ ಹತ್ತಿ ರಾಯದುರ್ಗದಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಮಣಿಕೊಂಡಕ್ಕೆ ಹೋಗುತ್ತಿದ್ದೆವು. ಮೆಟ್ರೋದ ಬಾಗಿಲು ಮುಚ್ಚುವಾಗ ಕೂಗುವ ಪೀಪಿ ಭಕ್ತಿಗೆ ಆಗುತ್ತಿರಲಿಲ್ಲ. ಒಂದು ದಿನ ಅಮೀರ್‌ಪೇಟೆಯ ಗದ್ದಲದಲ್ಲಿ ನನ್ನ ಕೈ ಕಚ್ಚಿ ನೆಲಕ್ಕೆ ಬಿದ್ದು ಹೊರಳಾಡಿದಳು. ಇಡೀ ಬೋಗಿ ನಮ್ಮನ್ನೇ ನೋಡುತ್ತಿತ್ತು. ನಾನು ಅವಳ ರಟ್ಟೆ ಹಿಡಿದೆತ್ತಿ ಎಲ್ಲರಿಗೂ ಕೇಳುವಂತೆ "ಬ್ಯಾಡ್ ಗರ್ಲ್. ವೆರಿ ಬ್ಯಾಡ್ ಗರ್ಲ್" ಎಂದೆ. ಮಗುವನ್ನು ತಿದ್ದಲು ಹೇಳಿದ್ದಲ್ಲ, ನಾನು ತಿದ್ದುವ ತಾಯಿ ಎಂದು ಆ ಜನಕ್ಕೆ ತೋರಿಸಲು ಹೇಳಿದ್ದು. ಒಂದೇ ಸಲ ಅಂದಿದ್ದು. ಅಲ್ಲ, ಎರಡು ಸಲ. ಸರಿ, ಮೂರು.

ಸೆಂಟರಿನಲ್ಲಿ ತಾಯಂದಿರನ್ನು ಒಳಗೆ ಬಿಡುತ್ತಿರಲಿಲ್ಲ, ಮಕ್ಕಳು ಸೆರಗು ಬಿಡುವುದಿಲ್ಲವೆಂದು. ಹೊರಗಿನ ಕೋಣೆಯಲ್ಲಿ ಒಂದು ಟೀವಿ ಇತ್ತು, ಅದರಲ್ಲಿ ಒಳಗೆ ನಡೆಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಸ್ನೇಹಲತಾ ಭಕ್ತಿಯ ತೋಳಿಗೆ ಮೆತ್ತನೆಯ ಬ್ರಷ್ ಉಜ್ಜುತ್ತಿದ್ದಳು, ಅಂಗೈಗೆ ಅಂಟು ಹಿಟ್ಟು ಕೊಡುತ್ತಿದ್ದಳು, ಪುಟ್ಟ ಡೋಲು ಬಾರಿಸುತ್ತಿದ್ದಳು. ಸದ್ದು, ಸ್ಪರ್ಶ ಎಲ್ಲ ಸ್ವಲ್ಪಸ್ವಲ್ಪವೇ ಅಭ್ಯಾಸವಾಗಬೇಕಂತೆ. ಭಕ್ತಿಯ ಬಾಯಿ ಏನೋ ಅನ್ನುವುದು ಕಾಣುತ್ತಿತ್ತು. ಕೂಡಲೇ ಸ್ನೇಹಲತಾ ತನ್ನ ತೋರುಬೆರಳನ್ನು ಅವಳ ತುಟಿಯ ಮೇಲಿಟ್ಟು ತಲೆಯಾಡಿಸುತ್ತಿದ್ದಳು, ಏನೋ ಹೇಳಿಕೊಡುತ್ತಿದ್ದಳು, ಮತ್ತೆ ಬ್ರಷ್ ಎತ್ತಿಕೊಳ್ಳುತ್ತಿದ್ದಳು. ಎಷ್ಟು ಅಕ್ಕರೆಯಿಂದ ಮಾಡುತ್ತಾಳೆ ನೋಡಿ ಎಂದು ನಾನು ಸೂರ್ಯಕಾಂತರಿಗೆ ಹೇಳಿದ್ದೂ ಉಂಟು.

ನಾಲ್ಕು ತಿಂಗಳಿಗೆ ವರದಿ ಬಂತು. ಬಣ್ಣದ ಕಾಗದ, ಇಂಗ್ಲಿಷ್, ಕೆಳಗಿಳಿಯುವ ಗೆರೆಯ ಒಂದು ನಕ್ಷೆ. ಅದರಲ್ಲಿದ್ದದ್ದು ಇಷ್ಟು: ಮಗು ತನ್ನನ್ನು ತಾನೇ ಪದೇ ಪದೇ 'ಬ್ಯಾಡ್' ಎಂದುಕೊಳ್ಳುತ್ತದೆ. ಮೊದಲ ವಾರದಲ್ಲಿ ಇಪ್ಪತ್ತಮೂರು ಸಲ ಅಂದಿದೆ. ಮನೆಯಲ್ಲಿ ಯಾರೋ ಈ ಮಾತಿನಿಂದ ಬೈಯುತ್ತಿರಬಹುದು, ಪಾಲಕರು ಗಮನಿಸಬೇಕು. ಪ್ರತಿ ಸಲವೂ 'ಗುಡ್' ಎಂದು ತಿದ್ದಿದ್ದರಿಂದ ಈ ತಿಂಗಳು ಅದು ಸೊನ್ನೆಗೆ ಇಳಿದಿದೆ. ಉತ್ತಮ ಪ್ರಗತಿ. ಪಕ್ಕದಲ್ಲಿ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿದ್ದರು.

ಓದುತ್ತಿರುವ ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ. ಕಾಗದದ ಮೇಲೆ ಇಂಗ್ಲಿಷಿನ ಮೂರು ಅಕ್ಷರಗಳಿದ್ದವು, ಅವನ್ನು ನೋಡಿದೊಡನೆ ನನ್ನ ಕಣ್ಣಿಗೆ ಕಂಡದ್ದು ಅಮೀರ್‌ಪೇಟೆ. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡೆ. ಬೇರೆ ಏನನ್ನಾದರೂ ಯೋಚಿಸಲು ಪುರಸೊತ್ತು ಎಲ್ಲಿತ್ತು?

ಸಂಜೆ ಸೂರ್ಯಕಾಂತ ಅದನ್ನು ಎರಡು ಸಲ ಓದಿದರು. "ಯಾರು ಅಂತಾರ ಇಕಿಗೆ ಹಿಂಗ?" ಎಂದರು.

ನಾನು ಒಲೆಯ ಕಡೆ ನೋಡುತ್ತಾ ಹೇಳಿದೆ, "ನಾ ಅಕಿನ್ನ ಹೊತ್ಕೊಂಡು ಅಡ್ಡಾಡಾಕತ್ತೀನಿ. ಉಳಿದ ಹೊತ್ತು ಅಕಿ ಬಾಜೂಕ ಯಾರು ಇರ್ತಾರ ನೀವ ವಿಚಾರ ಮಾಡ್ರಿ."

ಅವರು ಎದ್ದು ತಾಯಿಯ ಮುಂದೆ ಹೋಗಿ ನಿಂತರು. "ಯವ್ವಾ, ಖರೇ ಹೇಳು. ಕೂಸಿನ ಮುಂದ ನೀ ಬ್ಯಾಡ್ ಅಂತೀಯೇನು?"

"ನಾ ಬಾಯಿ ಬಿಡೂದ ನಿಂತು ನಾಕು ತಿಂಗಳಾತಲ್ಲೋ," ಎಂದರು ಅತ್ತೆ. "ಬ್ಯಾಡ ಅನ್ನಾಕಿ ಅಕಿ."

"ಅಕಿ ಅಂತಾಳಂತ ಇದರಾಗೂ ಬರದಾರ. ಅಕಿಗೆ ಅದನ್ನ ಕಲಿಸಿದವರು ಯಾರು?"

"ನಾನ ಕಲಿಸೀನಿ," ಎಂದರು ಅತ್ತೆ, ಇದರಲ್ಲೇನು ಕೇಳುವುದಿದೆ ಎಂಬಂತೆ. "ಮದ್ಲ ಕಲಿಸಿದ್ದ ಅದನ್ನ. ತಪ್ಪೇನೈತಿ ಅದರಾಗ?"

ಸೂರ್ಯಕಾಂತ ಮುಂದೆ ಹೇಳಗೊಡಲಿಲ್ಲ. ಅವರು ತಾಯಿಗೆ ದನಿ ಎತ್ತಿದ್ದನ್ನು ನಾನು ಮೊದಲ ಸಲ ಕೇಳಿದೆ. ನಾವು ಮಗುವಿಗಾಗಿ ಸಾಯುತ್ತಿದ್ದೇವೆ, ನೀನು ಕೂತಲ್ಲೇ ಅದರ ಮನಸ್ಸು ಮುರಿದಿದ್ದೀ, ಮೇಲೆ ತಪ್ಪೇನೆಂದು ಕೇಳುತ್ತೀ ಎಂದರು. ಅತ್ತೆ ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು ನೋಡಿದರು. ನಾನು ಅನ್ನದ ಗಂಜಿ ಬಸಿಯುತ್ತಿದ್ದೆ. ಬಸಿದು ಮುಗಿದ ಮೇಲೂ ಪಾತ್ರೆಯನ್ನು ಬಾಗಿಸಿಕೊಂಡೇ ನಿಂತಿದ್ದೆ. ಅತ್ತೆ ಸಿಂಧನೂರಿನಲ್ಲಿರುವ ಮಗಳ ಮನೆಗೆ ಹೋಗುತ್ತೇನೆ ಎಂದರು. ಯಾರೂ ಬೇಡ ಎನ್ನಲಿಲ್ಲ.

ಆ ಭಾನುವಾರ ಕಾಚಿಗೂಡ ಸ್ಟೇಷನ್ನಿಗೆ ಎಲ್ಲರೂ ಹೋದೆವು. ಭಕ್ತಿಯನ್ನು ಬಿಟ್ಟು ಬರಲು ಮನೆಯಲ್ಲಿ ಯಾರಿದ್ದರು? ರಾಯಚೂರಿನ ರೈಲು ನಿಂತಿತ್ತು. ಸೂರ್ಯಕಾಂತ ಚೀಲ ಇಟ್ಟು ಬಂದು ದೂರದಲ್ಲಿ ಫೋನು ನೋಡುತ್ತಾ ನಿಂತರು. ಅತ್ತೆ ಕಿಟಕಿಯ ಪಕ್ಕ ಕೂತಿದ್ದರು, ನಾನು ಭಕ್ತಿಯನ್ನು ಎತ್ತಿಕೊಂಡು ಕೆಳಗೆ ನಿಂತಿದ್ದೆ. ನೀರಿನ ಬಾಟಲಿ ಮಾರುವವನೊಬ್ಬ ಕಿಟಕಿಯೊಳಗೆ ಕೈ ಚಾಚಿದ. ಅತ್ತೆ ಕೈಯಾಡಿಸಿದರು.

"ಬ್ಯಾಡಪಾ, ಬ್ಯಾಡ."

ನಾಲ್ಕು ತಿಂಗಳಿನಿಂದ ನಮ್ಮ ಮನೆಯಲ್ಲಿ ಯಾರೂ ಆಡದಿದ್ದ ಮಾತು, ಮೊನ್ನೆ ಅತ್ತೆ ಆಡಿದಾಗಲೂ ನಾವು 'ಬ್ಯಾಡ್' ಎಂದೇ ಕೇಳಿಸಿಕೊಂಡದ್ದು. ಕಿವಿಗೆ ಬಿದ್ದದ್ದೇ ನಾನು ಕಿಟಕಿಯ ಹತ್ತಿರ ಸರಿದೆ. ಹನ್ನೊಂದನೆಯ ಮಾತು, ಗೆರೆಯಿಲ್ಲದ್ದು, ನಾನು ಬಿಟ್ಟದ್ದು.

"ಅತ್ತಿ, ನೀವು ಭಕ್ತಿಗೆ ಕಲಿಸಿದ್ದು..."

"ಇದ ಮತ್ತ," ಎಂದರು ಅತ್ತೆ. "ತಲಿ ಚಚ್ಕೊಬ್ಯಾಡ ನನ್ನವ್ವ, ಬಾಯಿಲೆ ಹೇಳು, ಸಾಕಾದ್ರ ಬ್ಯಾಡ ಅನ್ನು ಅಂತ ಆರು ತಿಂಗಳು ಬೆನ್ನತ್ತಿ ಕಲಿಸೀನಿ. ಅಂದ ಕೂಡಲೇ ನಾ ಬಿಟ್ಟುಬಿಡ್ತಿದ್ದೆ. ಹಂಗಾಗೇ ಅಂತಿತ್ತು ಕೂಸು. ಅಷ್ಟಕ್ಕ ನೀವು ನನ್ನ ಮ್ಯಾಲೆ ಯಾಕ ಸಿಟ್ಟಾದ್ರಿ ಅನ್ನೂದು ನನಗಿನ್ನೂ ತಿಳೀವಲ್ದು."

ಇಪ್ಪತ್ತಮೂರು ಸಲ. ಒಂದೇ ವಾರದಲ್ಲಿ ನನ್ನ ಮಗಳು ಇಪ್ಪತ್ತಮೂರು ಸಲ ಸಾಕು, ಬಿಡಿ ಎಂದು ಬಾಯಿಬಿಟ್ಟು ಬೇಡಿಕೊಂಡಿದ್ದಳು. ಇಪ್ಪತ್ತಮೂರು ಸಲವೂ ಅವಳ ತುಟಿಯ ಮೇಲೆ ಬೆರಳಿಟ್ಟು, ಗುಡ್ ಎನ್ನಿಸಿ, ಮತ್ತೆ ಬ್ರಷ್ ಎತ್ತಿಕೊಂಡಿದ್ದರು. ಹೊರಗೆ ಟೀವಿಯ ಮುಂದೆ ಕೂತು ನಾನು ಅದನ್ನು ಅಕ್ಕರೆಯೆಂದು ನೋಡಿದ್ದೆ. ನಕ್ಷತ್ರವಿದ್ದ ಆ ನಕ್ಷೆಯನ್ನು ನಾನೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ, ಅದು ಇನ್ನೂ ಅಲ್ಲೇ ಇತ್ತು.

ಇಳಿಯಿರಿ ಅತ್ತಿ ಎನ್ನಬೇಕಿತ್ತು. ಮೆಟ್ರೋದಲ್ಲಿ ಬೈದವಳು ನಾನು, ತಪ್ಪು ನಿಮ್ಮ ಮೇಲೆ ಹೊರಿಸಿದವಳೂ ನಾನೇ ಎನ್ನಬೇಕಿತ್ತು. ಅಷ್ಟರಲ್ಲಿ ಪಕ್ಕದ ಹಳಿಯ ಮೇಲೆ ಎಂಜಿನ್ನೊಂದು ಹಾರ್ನ್ ಹಾಕಿತು. ಉದ್ದನೆಯ ಹಾರ್ನ್, ನನಗೇ ಹಲ್ಲು ಜುಮ್ಮೆಂದಿತು. ಭಕ್ತಿ ಎರಡೂ ಕಿವಿ ಮುಚ್ಚಿಕೊಂಡು ನನ್ನ ಹೆಗಲಿಗೆ ಹಣೆ ಗುದ್ದತೊಡಗಿದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅವಳ ಬಾಯಿ ತೆರೆದುಕೊಂಡಿತು.

"ಗುಡ್," ಎಂದಳು. "ಗುಡ್. ಗುಡ್. ಗುಡ್."

ಪಕ್ಕದ ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ತನ್ನ ಗಂಡನಿಗೆ, "ಚೂಡು, ಪಾಪ ಎಂತ ಬಾಗಾ ಇಂಗ್ಲೀಷ್ ಮಾಟ್ಲಾಡುತುಂದೋ" ಎಂದಳು. ಮಗು ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತದೆ ನೋಡು ಎಂದು. ರೈಲು ಹೊರಟಿತ್ತು. ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಹೇಳುತ್ತಿದ್ದರು, ಹಾರ್ನಿನಲ್ಲಿ ಅದೂ ಕೇಳಲಿಲ್ಲ.

ನಾನು ಪ್ಲಾಟ್‌ಫಾರ್ಮಿನ ಮೇಲೆ ಕೂತೆ. ಭಕ್ತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕೈಗಳ ಮೇಲೆ ನನ್ನ ಕೈಯಿಟ್ಟು ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿದೆ. ಸದ್ದು ನಿಂತ ಮೇಲೆ ಕೈ ತೆಗೆದೆ. ಅವಳಿನ್ನೂ ಬಿಕ್ಕುತ್ತಿದ್ದಳು.

"ಬ್ಯಾಡ ಅನ್ನವ್ವ," ಎಂದೆ. "ನನ್ನ ಬಂಗಾರಿ, ಬ್ಯಾಡ ಅನ್ನು. ಬ್ಯಾಡ."

ಭಕ್ತಿ ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ತನ್ನ ತೋರುಬೆರಳನ್ನು ಎತ್ತಿ ನನ್ನ ತುಟಿಯ ಮೇಲೆ ಅಡ್ಡಲಾಗಿ ಇಟ್ಟು, ಮೆಲ್ಲಗೆ ತಲೆಯಾಡಿಸಿದಳು.