ಒಳಕ್ಕೆ ಎಳೆಯುವ ಬಾಗಿಲು

ಬೆಂಕಿ ಬಿದ್ದು ಎಂಟು ತಿಂಗಳಾದರೂ ಮಸಿ ಹೋಗಿರಲಿಲ್ಲ. ಗೋಡೆ ತೊಳೆದರೆ ಒಂದು ವಾರ ಬೆಳ್ಳಗಿರುತ್ತಿತ್ತು, ಆಮೇಲೆ ಒಳಗಿನಿಂದ ಮತ್ತೆ ಕಪ್ಪು ಇಣುಕುತ್ತಿತ್ತು. ದೊಡ್ಡಕ್ಕ ಬಕೆಟ್ಟು ಕೆಳಗಿಟ್ಟು ಸೊಂಟ ಹಿಡಿದುಕೊಂಡು ನಿಂತಳು. ಅವಳಿಗೆ ಸಾಕುಸಾಕಾಗಿತ್ತು. ಮತ್ತೆ ಕಟ್ಟಲು ಅನುಮತಿ ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆದಿತ್ತು. "ಯಾವಾಗ ಶುರು ಮಾಡ್ತೀರಿ?" ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು. ಕೇಳುವುದಕ್ಕೇನು, ಬಾಯಿ ನೋಯುವುದಿಲ್ಲವಲ್ಲ!

ಅದು ಅವಳ ಮುತ್ತಜ್ಜ ಕಟ್ಟಿಸಿದ ಸಭಾಂಗಣ. ಮದುವೆ, ನಾಟಕ, ಶಾಲೆಯ ಬಹುಮಾನ ವಿತರಣೆ, ನಿವೃತ್ತರಾದವರ ಬೀಳ್ಕೊಡುಗೆ, ಊರಿನ ಸಮಾರಂಭವೆಂದರೆ ಅಲ್ಲೇ. ಅದರ ಎರಡು ಕದದ ದೊಡ್ಡ ಬಾಗಿಲು ಊರಿಗೆಲ್ಲ ಗೊತ್ತು. ಅತಿಥಿಗಳು ಹೊರಗೆ ಬಂದು ನಿಂತಾಗ ಮನೆಯವರಿಬ್ಬರು ಒಂದೊಂದು ಕದ ಹಿಡಿದು, ಒಟ್ಟಿಗೆ ಒಳಕ್ಕೆ ಎಳೆಯುತ್ತಿದ್ದರು. ತೆರೆದ ಕೂಡಲೇ ದೀಪ, ಜನ, ಚಪ್ಪಾಳೆ. ಆ ಒಂದು ಗಳಿಗೆಗಾಗಿಯೇ ಈ ಸಭಾಂಗಣ ಬೇಕು ಎನ್ನುವವರಿದ್ದರು. ಎಡಗಡೆ ಕದ ದೊಡ್ಡಕ್ಕನದು, ಬಲಗಡೆಯದು ಅವಳ ತಮ್ಮನದು. ಮೇಲಿನ ಚಿಲಕ ತೆಗೆಯುವುದೂ ತಮ್ಮನ ಕೆಲಸವೇ. ಚಿಕ್ಕಂದಿನಿಂದ ಹಾಗೇ.

ಬೆಂಕಿ ಬಿದ್ದ ದಿನ ಒಳಗೆ ನಾಟಕದ ತಾಲೀಮು ನಡೆಯುತ್ತಿತ್ತು. ಅರವತ್ತು ಜನರಿದ್ದರು. ಪರದೆಗೆ ಸುತ್ತಿದ್ದ ದೀಪದ ತಂತಿ ಕಿಡಿ ಕಾರಿತು. ಎಲ್ಲರೂ ಬಾಗಿಲಿಗೆ ನುಗ್ಗಿದರು. ಮುಂದಿದ್ದ ದೊಡ್ಡಕ್ಕ ಎಷ್ಟು ಎಳೆದರೂ ಬಾಗಿಲು ತೆರೆಯಲಿಲ್ಲ. ಕೊನೆಗೆ ತಮ್ಮ ಬೆಂಚು ಎತ್ತಿ ಕಿಟಕಿ ಒಡೆದ. ಅದರಿಂದಲೇ ಒಬ್ಬೊಬ್ಬರಾಗಿ ಹೊರಬಿದ್ದರು. ಯಾರ ಜೀವವೂ ಹೋಗಲಿಲ್ಲ. ಆದರೆ ಎಲ್ಲರಿಗಿಂತ ಕೊನೆಗೆ ಬಂದ ತಮ್ಮನ ಹೆಂಡತಿ ಇವತ್ತಿಗೂ ನಾಲ್ಕು ಮೆಟ್ಟಿಲು ಹತ್ತಿದರೆ ಕೆಮ್ಮುತ್ತಾಳೆ.

"ನೀನು ಚಿಲಕ ತೆಗೀಲೇ ಇಲ್ಲ!" ಎಂದು ಅವತ್ತು ಬೀದಿಯಲ್ಲಿ, ಎಲ್ಲರೆದುರು, ದೊಡ್ಡಕ್ಕ ತಮ್ಮನ ಮೇಲೆ ಕೂಗಾಡಿದ್ದಳು.

"ತೆಗ್ದಿದ್ದೆ ಅಕ್ಕಾ," ಎಂದಿದ್ದ ಅವನು. ಅವಳು ನಂಬಲಿಲ್ಲ. ಆಮೇಲೆ ಅವನು ಬಾಯಿಗೆ ಬೀಗ ಹಾಕಿಕೊಂಡ. ಎಂಟು ತಿಂಗಳು ಜೊತೆಯಲ್ಲೇ ದುಡಿದರೂ, ಏಣಿ ಹಿಡಿ, ಸುಣ್ಣ ತಾ ಎಂಬುದಕ್ಕಿಂತ ಹೆಚ್ಚಿನ ಮಾತು ಇಬ್ಬರ ನಡುವೆ ಇರಲಿಲ್ಲ.

ಇವತ್ತು ಬಡಗಿ ಮಾವ ಬಾಗಿಲು ನೋಡಲು ಬಂದಿದ್ದ. ಕದವನ್ನು ತಟ್ಟಿ, ಸವರಿ, ಮೂಸಿಯೂ ನೋಡಿದ.

"ಮರ ಗಟ್ಟಿಯಾಗಿದೆ ತಾಯಿ. ಮೇಲಿನ ಕರಕಲು ಹೆರೆದ್ರೆ ಇನ್ನೂ ನೂರು ವರ್ಷ ಬಾಳತ್ತೆ. ಆದ್ರೆ ಈ ಸಲ ಹೊರಕ್ಕೆ ತೆರೆಯೋ ಹಾಗೆ ಕೂರಿಸ್ತೀನಿ."

ದೊಡ್ಡಕ್ಕ ಮುಖ ಗಂಟಿಕ್ಕಿದಳು. "ಬೇಡಪ್ಪ. ಬೆಂಕಿ ಎಲ್ಲಾ ತಿಂದು ಹಾಕಿದೆ, ಉಳಿದಿರೋದು ಇದೊಂದು ಬಾಗಿಲು. ಅದನ್ನೂ ತಿರುಗಿಸ್ಬೇಕಾ? ಒಂದು ಒಳ್ಳೆ ಚಿಲಕ ಹಾಕು, ಸಾಕು. ಅವತ್ತು ತಪ್ಪಾಗಿದ್ದು ಬಾಗಿಲಿಂದ ಅಲ್ಲ."

ತಮ್ಮ ಸುಣ್ಣದ ಡಬ್ಬಿ ಎತ್ತಿಕೊಂಡು ಹೊರಡಲು ತಿರುಗಿದ.

"ನೀನು ನಿಲ್ಲಪ್ಪ," ಎಂದ ಬಡಗಿ ಮಾವ. ಸ್ಟೂಲು ಹತ್ತಿ, ಚೌಕಟ್ಟಿನಲ್ಲಿ ಚಿಲಕ ಕೂರುವ ತೂತಿಗೆ ಬೆರಳು ಹಾಕಿ ತೆಗೆದ. ಬೆರಳು ಕಪ್ಪಗಾಗಿತ್ತು. "ನೋಡು ತಾಯಿ. ಚಿಲಕ ಹಾಕಿದ್ದಿದ್ರೆ ಈ ತೂತು ಮುಚ್ಚಿರ್ತಿತ್ತು. ಇದರೊಳಗೆ ಮಸಿ ಹೇಗೆ ಹೋಗತ್ತೆ?"

ದೊಡ್ಡಕ್ಕ ಆ ಬೆರಳನ್ನೇ ನೋಡಿದಳು. "ಮತ್ತೆ ನಾನು ಎಳೆದ್ರೆ ಯಾಕೆ ಬರ್ಲಿಲ್ಲ? ಇರೋ ಶಕ್ತಿಯೆಲ್ಲ ಹಾಕಿ ಎಳೆದೆನಲ್ಲ!"

ಬಡಗಿ ಮಾವ ಕದ ಮುಚ್ಚಿದ. ಚಿಲಕ ಹಾಕಲಿಲ್ಲ. ತಮ್ಮನನ್ನು, ಅವನ ಹೆಂಡತಿಯನ್ನು, ಇಬ್ಬರು ಗಾರೆಯವರನ್ನು ಕರೆದು ಒಳಗೆ ನಿಲ್ಲಿಸಿದ. "ಎಲ್ಲರೂ ಕದಕ್ಕೆ ಮೈ ಕೊಟ್ಟು ತಳ್ಳಿ. ಹಿಂದೆ ಬೆಂಕಿ ಇದೆ ಅಂದ್ಕೊಳ್ಳಿ."

"ಅಂದ್ಕೋಬೇಕಾಗಿಲ್ಲ," ಎಂದಳು ತಮ್ಮನ ಹೆಂಡತಿ, ಕೆಮ್ಮುತ್ತಾ.

"ಈಗ ಎಳಿ ತಾಯಿ."

ದೊಡ್ಡಕ್ಕ ಕದದ ಒಳಗಡೆಯ ಕಬ್ಬಿಣದ ಬಳೆ ಹಿಡಿದು ಎಳೆದಳು. ಕಾಲು ಊರಿ ಎಳೆದಳು. ಕದ ಎಳ್ಳಷ್ಟೂ ಅಲುಗಲಿಲ್ಲ.

"ಇವರು ನಾಲ್ಕೇ ಜನ. ಅವತ್ತು ಅರವತ್ತು," ಎಂದ ಬಡಗಿ ಮಾವ. "ಹಿಂದಿದ್ದವರಿಗೆ ಮುಂದಿನವರ ಪಾಡು ಗೊತ್ತಾಗಲ್ಲ, ತಳ್ತಾನೇ ಇರ್ತಾರೆ. ಬಾಗಿಲು ಮುಚ್ಚಿ ಹಿಡಿದಿದ್ದು ಆ ಭಾರ. ಹೊರಕ್ಕೆ ತೆರೆಯೋ ಬಾಗಿಲಾಗಿದ್ರೆ ಅದೇ ನೂಕಾಟಕ್ಕೆ ತೆರ್ಕೊಳ್ತಿತ್ತು. ಒಳಗೆ ಜನ ಇದ್ದಾಗ ಚಿಲಕವೇ ಬೇಡ. ಒತ್ತಿದ್ರೆ ಬಿಡೋ ಅಡ್ಡಪಟ್ಟಿ ಹಾಕ್ತೀನಿ. ಎದುರು ಗೋಡೇಲಿ ಇನ್ನೊಂದು ಬಾಗಿಲು ಇಡೋಣ. ಅದರ ಮುಂದೆ ಮಾತ್ರ ಕುರ್ಚಿ ಪೇರಿಸ್ಬೇಡಿ."

"ಹೊರಗೆ ನಿಂತ ಅತಿಥಿಗಳಿಗೆ ಬಡಿಯಲ್ವಾ?" ಎಂದಳು ದೊಡ್ಡಕ್ಕ.

"ಎರಡು ಹೆಜ್ಜೆ ಹಿಂದೆ ನಿಲ್ಲಲಿ. ಅವರಿಗೇನು ಅವಸರ? ಅವಸರ ಇರೋದು ಬೆಂಕಿಗೆ."

ದೊಡ್ಡಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. ಎಂಟು ತಿಂಗಳ ದಣಿವು ಒಟ್ಟಿಗೆ ಮೈಮೇಲೆ ಬಿದ್ದಿತ್ತು. ನಾಚಿಕೆಯಾಯಿತು, ಅಳುವೂ ಬಂತು.

"ಎಲ್ಲರೆದುರು ಅಂದುಬಿಟ್ಟೆ ನಿನ್ನ. ತಪ್ಪಾಯ್ತು ಕಣೋ."

ತಮ್ಮ ಡಬ್ಬಿ ಕೆಳಗಿಟ್ಟ. "ನನಗೇ ಅನುಮಾನ ಬಂದಿತ್ತು ಅಕ್ಕಾ. ತೆಗ್ದಿದ್ನಾ, ಇಲ್ವಾ ಅಂತ. ಇವಳು ಕೆಮ್ಮಿದಾಗಲೆಲ್ಲ ಕೇಳ್ಕೊಳ್ತಿದ್ದೆ."

ದೊಡ್ಡಕ್ಕ ಅವನ ಕೈ ಹಿಡಿದುಕೊಂಡು ಎದ್ದಳು.

"ಮಾವ, ಹೊರಕ್ಕೇ ಕೂರಿಸು. ಇವನ ಹೆಂಡತಿ ಒಂದೇ ಕೈಲಿ ತಳ್ಳಿದ್ರೂ ತೆರೀಬೇಕು, ನೋಡು."

ಸಭಾಂಗಣ ಮತ್ತೆ ಶುರುವಾದ ದಿನ ಮೊದಲು ಬಾಗಿಲು ತಳ್ಳಿದ್ದು ತಮ್ಮನ ಹೆಂಡತಿಯೇ, ಒಂದೇ ಕೈಯಲ್ಲಿ. ಅಕ್ಕ, ತಮ್ಮ ಅಕ್ಕಪಕ್ಕ ನಿಂತು ನೋಡುತ್ತಿದ್ದರು.

ಇದನ್ನು ಓದಿದವರೇ, ಓದಿಸಿ ಕೇಳಿದವರೇ, ನಾಳೆ ಯಾವುದೋ ಸಮಾರಂಭಕ್ಕೆ ಹೋಗುತ್ತೀರಿ. ಕುರ್ಚಿ ಹಿಡಿಯುವ ಮುಂಚೆ ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಿ. ಎರಡನೇ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಬಿದ್ದಿದೆಯೇ ಎಂದು ಕೇಳಿ. ಯಾರಾದರೂ ಏನಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಜನ ಸೇರುವ ಜಾಗ ನಿಮ್ಮದೇ ಆಗಿದ್ದರೆ, ನಾಲ್ಕು ಜನರನ್ನು ಒಳಗಿನಿಂದ ಬಾಗಿಲಿಗೆ ಒರಗಿಸಿ ನೀವೇ ಒಮ್ಮೆ ಎಳೆದು ನೋಡಿ. ಇವತ್ತೇ ನೋಡಿ.